'ಕ್ಯಾಚ್' ಪದದ ಇಷ್ಟೊಂದು ಅರ್ಥ ಮಕ್ಕಳಿಗೆ ಕಲಿಸುವುದು ಹೇಗೆ?

ಕುಮಟಾ ಟ್ಯೂಶನ್ (ಪ್ರಶ್ನೆ)

ಎಂಟು, ಒಂಬತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳು. 'ಕ್ಯಾಚ್' ಅಂದರೆ 'ಹಿಡಿ' ಎಂದು ಎಲ್ಲರಿಗೂ ಗೊತ್ತು, ಕ್ರಿಕೆಟ್ ಇದೆಯಲ್ಲ. ಆದರೆ 'ವಾಟ್ಸ್ ದ ಕ್ಯಾಚ್?', 'ಐ ಡಿಡಂಟ್ ಕ್ಯಾಚ್ ಯುವರ್ ನೇಮ್', 'ಕ್ಯಾಚ್‌ಮೆಂಟ್ ಏರಿಯಾ' ಬಂದಲ್ಲಿ ಪೆನ್ನು ನಿಂತುಬಿಡುತ್ತದೆ. ಮೇಲಿಂದ 'ಕ್ಯಾಚ್ ಮೈ ಅಂಬ್ರೆಲಾ ಫಾರ್ ಟೂ ಮಿನಿಟ್ಸ್' ಎಂದು ಬರೆಯುತ್ತಾರೆ. ನಿಘಂಟು ತೆಗೆದರೆ ಅರ್ಥಗಳ ಸಾಲೇ ಸಾಲು. ಯಾವುದು ಮೊದಲು, ಯಾವುದು ಆಮೇಲೆ? ಬಾಯಿಪಾಠ ಮಾಡಿಸದೆ ಕಲಿಸುವ ದಾರಿ ಬೇಕು.

ಶಿರಸಿ ಮಾಸ್ತರು

ಅಕ್ಕೋರೆ, ಆ ಕೊಡೆಯಿಂದಲೇ ಶುರು ಮಾಡಿ. ಮಕ್ಕಳ ತಪ್ಪಿನ ಬೇರು ಇಂಗ್ಲಿಷಿನಲ್ಲಿಲ್ಲ, ನಮ್ಮ 'ಹಿಡಿ'ಯಲ್ಲಿದೆ. ಬರುತ್ತಿರುವ ಚೆಂಡನ್ನೂ 'ಹಿಡಿ' ಅನ್ನುತ್ತೇವೆ, ಕೈಯಲ್ಲಿರುವ ಕೊಡೆಯನ್ನೂ 'ಹಿಡಿ' ಅನ್ನುತ್ತೇವೆ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡಿದೆ. ಓಡುವುದು, ಹಾರುವುದು, ತಪ್ಪಿಹೋಗಬಹುದಾದದ್ದು ಕೈಗೆ ಸಿಗುವ ಆ ಒಂದು ಗಳಿಗೆ 'ಕ್ಯಾಚ್'. ಸಿಕ್ಕಿದ್ದನ್ನು ಬಿಡದೆ ಇಟ್ಟುಕೊಳ್ಳುವುದು 'ಹೋಲ್ಡ್', ನಮ್ಮ 'ಹಿಡ್ಕೊ'. 'ಕ್ಯಾಚ್ ಮೈ ಬ್ಯಾಗ್' ಅಂದರೆ ಕೇಳಿದವನು ಚೀಲ ಎಸೆಯುತ್ತಾರೆ ಎಂದುಕೊಂಡು ಎರಡೂ ಕೈ ಚಾಚುತ್ತಾನೆ. ಅಡಿಕೆ ತೋಟದ 'ಹಿಡುವಳಿ' ಇಂಗ್ಲಿಷಿನಲ್ಲಿ 'ಲ್ಯಾಂಡ್ ಹೋಲ್ಡಿಂಗ್' ಆಗಿರುವುದೂ ಇದೇ ಲೆಕ್ಕಕ್ಕೆ.

'ತಪ್ಪಿಹೋಗಬಹುದಾದದ್ದು' ಎಂಬ ಮಾತು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು. ಬಸ್ಸು ತಪ್ಪಬಹುದು, ಅದಕ್ಕೆ 'ಕ್ಯಾಚ್ ದ ಬಸ್'. 'ಟೇಕ್ ದ ಬಸ್' ಅಂದರೆ ಬಸ್ಸಲ್ಲಿ ಹೋಗುತ್ತೇನೆ ಎಂದಷ್ಟೇ. ಶಿರಸಿಗೆ ರೈಲಿಲ್ಲ, ಘಟ್ಟ ಇಳಿದು ಕುಮಟೆಯಲ್ಲಿ ಹೊತ್ತಿಗೆ ಸರಿಯಾಗಿ ರೈಲು ಹತ್ತಿದರೆ ಅದು 'ಕ್ಯಾಚ್'. ಹೆಸರು ಕಿವಿಯ ಪಕ್ಕ ಹಾದುಹೋಗಬಹುದು, ಅದಕ್ಕೆ 'ಡಿಡಂಟ್ ಕ್ಯಾಚ್ ಯುವರ್ ನೇಮ್'. ಇಲ್ಲಿ 'ಅರ್ಥವಾಗಲಿಲ್ಲ' ಎಂದು ಬರೆಸಬೇಡಿ, 'ಕಿವಿಗೆ ಸರಿಯಾಗಿ ಬೀಳಲಿಲ್ಲ' ಎಂದು ಬರೆಸಿ.

ಇನ್ನು 'ಕಾಟ್' ಎಂಬ ಮೂರನೇ ರೂಪಕ್ಕೆ 'ಹಿಡಿ' ಬಿಟ್ಟು 'ಸಿಕ್ಕು' ಕೊಡಿ. 'ಕಾಟ್ ಇನ್ ದ ರೇನ್' ಮಳೆಗೆ ಸಿಕ್ಕಿದ್ದು. ದೇವಿಮನೆ ಘಟ್ಟದಲ್ಲಿ ಲಾರಿ ಸಾಲಿಗೆ ಸಿಕ್ಕಿಬಿದ್ದರೆ 'ಕಾಟ್ ಇನ್ ಟ್ರಾಫಿಕ್'. ಅಂಗಿ ಮೊಳೆಗೆ ಸಿಕ್ಕಿದರೆ 'ಕಾಟ್ ಆನ್ ಎ ನೇಲ್'. ಕನ್ನಡದಲ್ಲಿ ಹಿಡಿ–ಸಿಕ್ಕು ಜೋಡಿ ಮೊದಲೇ ಇದೆ, ಮಕ್ಕಳು ಹೊಸದೇನೂ ಕಲಿಯಬೇಕಿಲ್ಲ. 'ಕ್ಯಾಚ್ಡ್' ಎಂದು ಬರೆದರೆ ಮಾತ್ರ ಅಲ್ಲೇ ತಿದ್ದಿ, ಅಂಥ ರೂಪ ಇಲ್ಲ.

ಬೈತಖೋಲ

ಕಾರವಾರದ ಮಕ್ಕಳಿಗಾದರೆ ನಾಮಪದದಿಂದಲೇ ಶುರು ಮಾಡಬಹುದು. 'ಟುಡೇಸ್ ಕ್ಯಾಚ್' ಅಂದರೆ ಇವತ್ತು ಬಲೆಗೆ ಬಿದ್ದ ಒಟ್ಟು ಮೀನು. ಬಂಗಡೆ ಇರಲಿ, ತಾರ್ಲೆ ಇರಲಿ, ಎಷ್ಟೇ ಬುಟ್ಟಿ ಇರಲಿ, ಒಂದು ದಿನದ್ದು ಏಕವಚನವೇ: 'ದ ಕ್ಯಾಚ್ ವಾಸ್ ಗುಡ್'. 'ಕ್ಯಾಚಸ್' ಎಂದರೆ ಹಲವು ದಿನದ ಅಥವಾ ಹಲವು ದೋಣಿಯ ಲೆಕ್ಕ. ಬೇಡದಿದ್ದರೂ ಬಲೆಗೆ ಬಂದ ಮರಿ, ಆಮೆ, ಚಿಲ್ಲರೆ ಜೀವಿಗಳು 'ಬೈಕ್ಯಾಚ್'. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದು ಮುಗಿದ ಮೇಲೆ ಇಂಗ್ಲಿಷ್ ಪತ್ರಿಕೆಯ ಸುದ್ದಿಯಲ್ಲಿ ಈ ಪದ ಹುಡುಕಿಸಿ, ಸಿಕ್ಕೇ ಸಿಗುತ್ತದೆ.

ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೂ ಕೊಡೆಯ ತಪ್ಪು ಬರುತ್ತದೆ. ಕೊಂಕಣಿಯ 'ಧರ್' ಕೂಡ ಚೆಂಡಿಗೂ ಕೊಡೆಗೂ ಒಂದೇ.

'ವಾಟ್ಸ್ ದ ಕ್ಯಾಚ್?' ಎಂಬುದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಪದವಿದೆ: ಕೊಕ್ಕೆ. ಅರ್ಧ ಬೆಲೆಗೆ ಫ್ರಿಜ್ ಕೊಡುತ್ತೇವೆ ಎಂದರೆ 'ಇದರಲ್ಲೇನೋ ಕೊಕ್ಕೆ ಇದೆ' ಅನ್ನುವುದಿಲ್ಲವೇ? ಅದೇ. ಒಳ್ಳೆಯದೆಂದು ಕಾಣುವುದರೊಳಗೆ ಅಡಗಿರುವ ತೊಡಕಿಗೆ ಮಾತ್ರ ಇದನ್ನು ಬಳಸಬೇಕು. ಎದುರಿಗೇ ಕಾಣುವ ಕಷ್ಟಕ್ಕೆ 'ಪ್ರಾಬ್ಲಮ್' ಸಾಕು.

ಅಂಕೋಲಾ ಪಿಯು

ಮಾಸ್ತರ ವಿವರಣೆ ಚೆನ್ನಾಗಿದೆ, ಆದರೆ ಒಂದೇ ಮೂಲಾರ್ಥಕ್ಕೆ ಎಲ್ಲವನ್ನೂ ಕಟ್ಟಿಹಾಕಿದರೆ ಮಕ್ಕಳು ಹೊಸ ತಪ್ಪು ಮಾಡುತ್ತಾರೆ. ರೋಗದ ವಿಷಯ ನೋಡಿ. 'ಕ್ಯಾಚ್ ಎ ಕೋಲ್ಡ್' ಸರಿ, 'ಕ್ಯಾಚ್ ಡಯಾಬಿಟೀಸ್' ತಪ್ಪು, 'ಕ್ಯಾಚ್ ಎ ಹೆಡೇಕ್' ಕೂಡ ತಪ್ಪು. ಹೊರಗಿನಿಂದ ತಗಲುವ ಸೋಂಕಿಗೆ ಮಾತ್ರ 'ಕ್ಯಾಚ್'. ಅದು ಮನುಷ್ಯನಿಂದಲೇ ಬರಬೇಕೆಂದಿಲ್ಲ. ಸಿದ್ದಾಪುರದ ಕಡೆಯ ಮಂಗನ ಕಾಯಿಲೆ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಉಣ್ಣೆ ಕಚ್ಚಿ ಬರುತ್ತದೆ; ಅದಕ್ಕೂ 'ಕ್ಯಾಚ್' ನಡೆಯುತ್ತದೆ. ಉಳಿದವಕ್ಕೆಲ್ಲ 'ಗೆಟ್' ಅಥವಾ 'ಹ್ಯಾವ್'.

ಹಾಗಾಗಿ ಮುಂದಿನ ಪದ ನೋಡಿ ಅರ್ಥ ಹಿಡಿಯುವ ಅಭ್ಯಾಸ ಮಾಡಿಸಿ. ನೋಟ್‌ಬುಕ್ಕಿನ ಒಂದು ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಿ: ಎಡಕ್ಕೆ 'ಕ್ಯಾಚ್' ಜೊತೆ ಬಂದ ಪದ, ನಡುವೆ ಇಡೀ ವಾಕ್ಯ, ಬಲಕ್ಕೆ 'ಹಿಡಿ' ಎಂಬ ಪದ ಬಳಸದೆ ಕನ್ನಡ. ಈ ಮೂರನೆಯದರಲ್ಲೇ ನಿಜವಾದ ಕಲಿಕೆ ಆಗುವುದು. 'ಹಿಡಿ'ಗೆ ಬಿಟ್ಟರೆ ಮಕ್ಕಳು ಯೋಚಿಸದೆ ತುಂಬಿಸುತ್ತಾರೆ. ವಾರಕ್ಕೆ ನಾಲ್ಕು ಬಳಕೆ ಸಾಕು. ಮರುವಾರ ಬಲಭಾಗವನ್ನಷ್ಟೇ ತೋರಿಸಿ ಇಂಗ್ಲಿಷ್ ಬರೆಸಿ.

ಒಂದು ವ್ಯಾಕರಣದ ಮಾತು: ತಪ್ಪು ಮಾಡುವಾಗ ಸಿಕ್ಕಿಬಿದ್ದವರಿಗೆ 'ಕಾಟ್ ಹಿಮ್ ಕಾಪಿಯಿಂಗ್'. 'ಟು ಕಾಪಿ' ಬರುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಕುಮಟಾ ಟ್ಯೂಶನ್

'ಹಿಡಿ ಬಳಸದೆ' ಎಂಬುದು ನನಗೆ ಹೊಳೆದಿರಲಿಲ್ಲ. ಹಾಗಾದರೆ 'ತುಕ್ಕು ಹಿಡಿಯಿತು', 'ಹುಚ್ಚು ಹಿಡಿಯಿತು', 'ತಳ ಹಿಡಿಯಿತು', ಇವುಗಳಲ್ಲಿ ಯಾವುದಕ್ಕೂ 'ಕ್ಯಾಚ್' ಬರುವುದಿಲ್ಲ ಎಂದು ಹೇಳಿಬಿಡಲೇ? 'ಕ್ಯಾಚ್‌ಮೆಂಟ್' ಇನ್ನೂ ಉಳಿದಿದೆ.

ಶಿರಸಿ ಮಾಸ್ತರು

ರೋಗದ ಬಗ್ಗೆ ಅಂಕೋಲೆಯವರು ಹೇಳಿದ್ದು ಸರಿ, ಒಪ್ಪಿದೆ.

ತುಕ್ಕಿಗೆ 'ರಸ್ಟ್', ಹುಚ್ಚಿಗೆ 'ಗೋ ಮ್ಯಾಡ್'. ಎರಡಕ್ಕೂ 'ಕ್ಯಾಚ್' ಬೇಡ. ಆದರೆ ತಳ ಹಿಡಿಯುವುದನ್ನು ಆ ಪಟ್ಟಿಯಿಂದ ತೆಗೆಯಿರಿ! ಹಾಲು, ಪಾಯಸ ಪಾತ್ರೆಯ ಅಡಿಗೆ ಅಂಟಿ ಸೀದರೆ ಬ್ರಿಟಿಷ್ ಇಂಗ್ಲಿಷಿನಲ್ಲಿ 'ದ ಮಿಲ್ಕ್ ಹ್ಯಾಸ್ ಕಾಟ್' ಅನ್ನುತ್ತಾರೆ. ನಮ್ಮ ಮಾತಿಗೂ ಅದಕ್ಕೂ ತುಂಬ ಹತ್ತಿರದ ಹೋಲಿಕೆ ಇದೆ. ಶಾಲೆಯ ಪರೀಕ್ಷೆಗೆ ಬೇಡ, ಆದರೆ ಮಕ್ಕಳಿಗೆ ಖುಷಿಯಾಗುತ್ತದೆ.

'ಕ್ಯಾಚ್‌ಮೆಂಟ್ ಏರಿಯಾ' ಅಂದರೆ ಬಿದ್ದ ಮಳೆಯನ್ನು ಹಿಡಿದು ಒಂದೇ ನದಿಗೆ ಕಳಿಸುವ ನೆಲ, ಜಲಾನಯನ ಪ್ರದೇಶ. ಜೊಯಿಡಾ ಕಾಡಿನಲ್ಲಿ ಸುರಿದ ಮಳೆ ಕಾಳಿ ನದಿಗೆ ಸೇರಿ ಕದ್ರಾ ಅಣೆಕಟ್ಟಿಗೆ ಬರುತ್ತದಲ್ಲ, ಆ ಇಡೀ ಇಳಿಜಾರು ಕಾಳಿಯ 'ಕ್ಯಾಚ್‌ಮೆಂಟ್'. ಹಲಗೆಯ ಮೇಲೆ ನದಿಯ ಚಿತ್ರ ಬರೆದು, ನೀರು ಎತ್ತ ಹರಿಯುತ್ತದೆ ಎಂದು ಬಾಣದ ಗುರುತು ಹಾಕಿಸಿ. ಹತ್ತು ನಿಮಿಷದ ಕೆಲಸ. ಒಂದು ಶಾಲೆಗೆ ಯಾವ ಯಾವ ಊರಿನ ಮಕ್ಕಳು ಬರುತ್ತಾರೋ ಆ ಪ್ರದೇಶಕ್ಕೂ ಇದೇ ಪದ. ಬಾಣ ಮಾತ್ರ ಶಾಲೆಯ ಕಡೆಗೆ ತಿರುಗಿಸಿದರಾಯಿತು.