ಅಪ್‌ಡೇಟ್: ಹರಾಜಾದ ಒಂದೇ ಮನೆಗೆ ನಾಲ್ಕು ಬೆಲೆ ಏಕೆ?

ನಮ್ಮ ಅಣ್ಣ ಬೆಂಗಳೂರಿನಲ್ಲಿ ಬ್ಯಾಂಕ್ ಹರಾಜಿನಲ್ಲಿ ಕೊಂಡ ಮನೆಗೆ ಒಂದೊಂದು ಕಾಗದದಲ್ಲಿ ಒಂದೊಂದು ಬೆಲೆ ಕಾಣುತ್ತಿರುವುದೇಕೆ ಎಂದು ಹಿಂದೆ ಕೇಳಿದ್ದೆ. ವಕೀಲರೊಡನೆ ಕುಳಿತು ಎಲ್ಲವನ್ನೂ ಓದಿದ ಮೇಲೆ ಗೊಂದಲ ತಿಳಿಯಾಗಿದೆ.

ಹರಾಜು ಪ್ರಕಟಣೆಯಲ್ಲಿದ್ದ 48 ಲಕ್ಷ ರೂಪಾಯಿ ಮೀಸಲು ಬೆಲೆ ಮಾತ್ರ, ಅಂದರೆ 2002ರ ಸರ್ಫೇಸಿ ಕಾಯ್ದೆಯಡಿ (ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ಬ್ಯಾಂಕುಗಳೇ ಮಾರಲು ಅವಕಾಶ ಕೊಡುವ ಕಾನೂನು) ನಡೆಯುವ ಮಾರಾಟಕ್ಕೆ ಬ್ಯಾಂಕು ಗೊತ್ತುಪಡಿಸಿದ ಕನಿಷ್ಠ ಮೊತ್ತ. ನಾನು ಅದನ್ನೇ ಮಾರಾಟದ ಬೆಲೆಯೆಂದು ತಿಳಿದಿದ್ದೆ. ಬಿಡ್ ನಿಂತದ್ದು 53.5 ಲಕ್ಷಕ್ಕೆ, ಮಾರಾಟ ಪ್ರಮಾಣಪತ್ರದಲ್ಲಿರುವುದೂ ಅದೇ. ಋಣಭಾರ ಪ್ರಮಾಣಪತ್ರದಲ್ಲಿ (ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಇ.ಸಿ.) ಕಂಡ 61 ಲಕ್ಷವಂತೂ ಯಾರೂ ಕೊಟ್ಟ ಹಣವಲ್ಲ: ಅದು ಮಾರ್ಗಸೂಚಿ ದರದಿಂದ, ಅಂದರೆ ಸರ್ಕಾರ ಆಯಾ ಪ್ರದೇಶಕ್ಕೆ ಗೊತ್ತುಪಡಿಸಿದ ದರದಿಂದ, ಲೆಕ್ಕಹಾಕಿದ ಮಾರುಕಟ್ಟೆ ಮೌಲ್ಯ. ಪ್ರತಿಫಲದ (ಕೊಳ್ಳುವವರು ನಿಜವಾಗಿ ಕೊಡುವ ಬೆಲೆಯ) ಮೊತ್ತವನ್ನು ಅಲ್ಲಿಯೇ ಬೇರೆಯಾಗಿ ನಮೂದಿಸಿದ್ದರೂ, ಅವಸರದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬ್ಯಾಂಕಿನ ರಸೀದಿಗಳ ಒಟ್ಟು ಮೊತ್ತ 52,96,500 ರೂಪಾಯಿ ಆಗಿದ್ದುದು. 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಮನೆಯನ್ನು ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ (ಮಾರುವವರಿಗೆ ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿದುಕೊಂಡು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕಾಗಿರುವುದರಿಂದ, ಕಡಿಮೆ ಬಿದ್ದಂತೆ ಕಂಡ 53,500 ರೂಪಾಯಿ ಅಲ್ಲಿಗೆ ಹೋಗಿದೆ. ಹಳೆಯ ಆಸ್ತಿ ತೆರಿಗೆಯ ಬಾಕಿಯನ್ನು ಅಣ್ಣ ಪ್ರತ್ಯೇಕವಾಗಿ ಕಟ್ಟಿದ್ದಾರೆ. ಅದು ಈ ಯಾವ ಲೆಕ್ಕದಲ್ಲೂ ಸೇರಿಲ್ಲ.