ಕಾರವಾರದ ರಸ್ತೆಗೆ, ಐವತ್ತರ ಮೈಗೆ ಹೊಂದುವ ರೋಡ್ ಸೈಕಲ್ ಆರಿಸುವುದು ಹೇಗೆ?

ಕಾಳಿತೀರ (ಕಾರವಾರ):
ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು ಐವತ್ತರ ಹತ್ತಿರ. ಹಲವು ವರ್ಷಗಳಿಂದ ದಪ್ಪ ಟೈರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಅಂಕೋಲಾದವರೆಗೆ ಹೋಗಿ ಬಿಸಿಲೇರುವ ಮೊದಲು ಮರಳಬೇಕೆಂಬ ಆಸೆಯಿಂದ ರೋಡ್ ಸೈಕಲ್ ಕೊಳ್ಳಲು ಹೊರಟಿದ್ದೇನೆ. ಮುಂದೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಹಂಬಲವೂ ಇದೆ. ಆದರೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಾಗಿದ ಹ್ಯಾಂಡಲ್ಲಿನ ಸೈಕಲ್ಲನ್ನು ಸ್ವಲ್ಪ ಹೊತ್ತು ಓಡಿಸಿ ನೋಡಿದಾಗಲೇ ಕತ್ತು ಹಿಡಿದುಕೊಂಡಿತು, ಕಿರುಬೆರಳು ಜೋಮು ಹಿಡಿಯಿತು. ಕ್ರಮೇಣ ರೂಢಿಯಾಗುತ್ತದೆ ಎಂದು ಅಂಗಡಿಯವರು ಹೇಳಿದರು. ರೂಢಿಯಿಂದ ಹೋಗುವ ನೋವು ಯಾವುದು, ಸೈಕಲ್ಲೇ ಹೊಂದದೆ ಬರುವ ನೋವು ಯಾವುದು ಎಂದು ಗುರುತಿಸುವುದು ಹೇಗೆ? ಕೊಳ್ಳುವಾಗ ಏನನ್ನು ನೋಡಬೇಕು?

ಮಲೆನಾಡ ಸವಾರ (ಶಿರಸಿ):
ನೀವು ಓಡಿಸಿ ನೋಡಿದ್ದು ಬಹುಶಃ ಸ್ಪರ್ಧೆಗೆಂದು ತಯಾರಿಸಿದ ಫ್ರೇಮ್ ಇರಬೇಕು. ರೋಡ್ ಸೈಕಲ್ಲುಗಳಲ್ಲಿ ದೂರದ ಸವಾರಿಗೆಂದೇ ಮಾಡಿದ ಎಂಡ್ಯೂರೆನ್ಸ್ ಎಂಬ ಬಗೆ ಬೇರೆಯೇ ಇದೆ. ಅದರಲ್ಲಿ ಹ್ಯಾಂಡಲ್ ತುಸು ಎತ್ತರವಾಗಿಯೂ ಹತ್ತಿರವಾಗಿಯೂ ಇರುತ್ತದೆ. ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರತಿ ಫ್ರೇಮಿನ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಳತೆಗಳನ್ನು ಕೊಟ್ಟಿರುತ್ತವೆ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತಲೆಯವರೆಗಿನ ಎತ್ತರ ಸ್ಟ್ಯಾಕ್. ಅಲ್ಲಿಂದ ಅಲ್ಲಿಗೇ ಅಡ್ಡಲಾಗಿ ಅಳೆದ ದೂರ ರೀಚ್. ಸ್ಟ್ಯಾಕನ್ನು ರೀಚ್‌ನಿಂದ ಭಾಗಿಸಿ ನೋಡಿ. 1.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬೆನ್ನು ಹೆಚ್ಚು ಬಾಗಬೇಕಾಗುವುದಿಲ್ಲ, 1.4ರ ಸಮೀಪ ಬಂದರೆ ಅದು ಎಳೆಯ ಬೆನ್ನಿನವರ ಸೈಕಲ್. ಬಣ್ಣ, ತೂಕ, ಕಾರ್ಬನ್ನೋ ಅಲ್ಯುಮಿನಿಯಮ್ಮೋ ಎಂಬ ಚರ್ಚೆಗಳೆಲ್ಲ ಇದಾದ ಮೇಲಿನವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಘಟ್ಟದ ಹಂಬಲವಿರುವುದರಿಂದ ಗೇರಿನ ಬಗೆಗೂ ಹೇಳಲೇಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡೆಯಿಂದ ಬರುವಾಗ ಕತಗಾಲ ಎಂಬ ಊರಿನ ನಂತರ ಆ ಏರಿನ ಬಹುಪಾಲು ಒಂದೇ ಸಮನೆ ಎದುರಾಗುತ್ತದೆ. ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರ್ ಸಾಗುತ್ತದೆ; ಹಿಂದೆ 28 ಹಲ್ಲಷ್ಟೇ ಇದ್ದರೆ ಅದೇ ಸುತ್ತಿಗೆ 2.6 ಮೀಟರ್ ಎಳೆಯಬೇಕು. ತಿರುವಿನಲ್ಲಿ ಉಸಿರು ಕಟ್ಟುವಾಗ ಈ ಅರ್ಧ ಮೀಟರಿನ ಬೆಲೆ ಮೊಣಕಾಲಿಗೆ ಗೊತ್ತಾಗುತ್ತದೆ. ಇಳಿಯುವಾಗಲಂತೂ, ಮುಖ್ಯವಾಗಿ ಮಳೆಗಾಲದಲ್ಲಿ, ಡಿಸ್ಕ್ ಬ್ರೇಕ್ ಇರುವುದೇ ಒಳ್ಳೆಯದು.

ಅಘನಾಶಿನಿ (ಕುಮಟಾ):
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಆದರೆ ಸರಿಯಾದ ಫ್ರೇಮ್ ಕೊಂಡ ಮೇಲೂ ಸೀಟನ್ನು ಸರಿಯಾಗಿ ಕೂರಿಸದಿದ್ದರೆ ನೋವು ತಪ್ಪುವುದಿಲ್ಲ. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲುಗಳು ಸುತ್ತುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಅಂದಾಜು ಎತ್ತರ ಸಿಗುತ್ತದೆ, 80 ಸೆಂ.ಮೀ. ಇದ್ದವರಿಗೆ ಅದು ಸುಮಾರು 70.6 ಸೆಂ.ಮೀ. ಅಲ್ಲಿಂದ ಮುಂದೆ ಒಂದು ಸಲಕ್ಕೆ ಮೂರು-ನಾಲ್ಕು ಮಿಲಿಮೀಟರಿನಷ್ಟು ಮಾತ್ರ ಬದಲಿಸುತ್ತ ಹೋಗಿ. ಪೆಡಲ್ ಕೆಳಗಿರುವಾಗ ಸೊಂಟ ಆಚೀಚೆ ವಾಲಿದರೆ ಸೀಟು ಎತ್ತರವಾಯಿತು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಹೆಚ್ಚಾಗಿ ತಗ್ಗಾಯಿತೆಂದೇ ಅರ್ಥ.

ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಕುಂಡಿಯ ಎರಡು ಮೂಳೆಗಳ ಮೇಲಿನ ನೋವು, ಭುಜದ ದಣಿವು, ಕತ್ತಿನ ಸಣ್ಣ ಬಿಗಿತ ಇವು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತ ಹೋಗುತ್ತವೆ. ಜೋಮು ಹಾಗಲ್ಲ, ಅದನ್ನು ಸಹಿಸಿಕೊಳ್ಳಲೇಬಾರದು. ಕಿರುಬೆರಳಿಗೂ ಪಕ್ಕದ ಬೆರಳಿಗೂ ಹೋಗುವ ಅಲ್ನಾರ್ ನರವು ಅಂಗೈಯ ಅಂಚಿನಲ್ಲಿ ಒತ್ತಲ್ಪಟ್ಟಾಗ ಅದು ಬರುತ್ತದೆ. ಹ್ಯಾಂಡಲ್ ದೂರವಾಗಿರುವುದು, ಇಲ್ಲವೇ ಸೀಟಿನ ಮೂತಿ ಕೆಳಗೆ ಬಾಗಿ ಮೈಭಾರವೆಲ್ಲ ಕೈಗೆ ಜಾರುವುದು ಇದರ ಸಾಮಾನ್ಯ ಕಾರಣ. ಸೀಟನ್ನು ಸಮತಟ್ಟಾಗಿಸಿ, ಅಗತ್ಯವಿದ್ದರೆ ಗಿಡ್ಡ ಸ್ಟೆಮ್ (ಹ್ಯಾಂಡಲ್ಲನ್ನು ಫ್ರೇಮಿನ ಮುಂಭಾಗಕ್ಕೆ ಜೋಡಿಸುವ ತುಂಡು) ಹಾಕಿಸಿ, ಮೊಣಕೈಯನ್ನು ತುಸು ಮಡಿಸಿ ಹಿಡಿಯಿರಿ, ಆಗಾಗ ಕೈಯ ಜಾಗ ಬದಲಿಸಿ. ತೀರ ಮೆತ್ತನೆಯ ಅಗಲ ಸೀಟಿನ ಆಸೆಗೆ ಬೀಳಬೇಡಿ. ದೂರ ಹೋದಂತೆ ಅದರಲ್ಲಿ ಮೂಳೆ ಹೂತು ನಡುವಿನ ಮೃದು ಭಾಗಕ್ಕೆ ಒತ್ತಡ ಬೀಳುತ್ತದೆ. ಪ್ಯಾಡ್ ಇರುವ ಚಡ್ಡಿಯನ್ನು ಒಳಉಡುಪಿಲ್ಲದೆ ಧರಿಸುವುದೇ ಸರಿ.

ಕಡಲ ಗಾಳಿ (ಅಂಕೋಲಾ):
ಟೈರಿನ ವಿಷಯವನ್ನು ಯಾರೂ ಎತ್ತಲಿಲ್ಲ. ಫ್ರೇಮಿನಲ್ಲಿ 32 ಮಿ.ಮೀ. ಟೈರಿಗೆ ಜಾಗವಿರುವ ಸೈಕಲ್ಲನ್ನೇ ಆರಿಸಿ. 70 ಕಿಲೋ ಆಸುಪಾಸಿನವರು ಆ ಟೈರಿಗೆ 55ರಿಂದ 65 ಪಿಎಸ್‌ಐ ಗಾಳಿ ಹಾಕಿದರೆ ಸಾಕು. ಕಲ್ಲಿನಂತೆ ಗಾಳಿ ತುಂಬಿಸಿದರೆ ವೇಗ ಹೆಚ್ಚುತ್ತದೆ ಎಂಬುದು ಹಳೆಯ ನಂಬಿಕೆ. ನಮ್ಮ ಒರಟು ಡಾಂಬರಿನ ಮೇಲೆ ಅದು ಅಂಗೈ ನಡುಗಿಸುವುದಷ್ಟೇ. ರೋಡ್ ಸೈಕಲ್ಲಿನ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಸಪೂರ ಪ್ರೆಸ್ಟಾ ವಾಲ್ವ್ ಇರುತ್ತದೆ, ಪೆಟ್ರೋಲ್ ಬಂಕಿನ ಗಾಳಿಯ ಪೈಪು ಅದಕ್ಕೆ ಕೂರುವುದಿಲ್ಲ. ತುದಿಯ ಪುಟ್ಟ ನಟ್ಟನ್ನು ಸಡಿಲಿಸಿ, ಒಮ್ಮೆ ಒತ್ತಿ ಫುಸ್ಸೆನಿಸಿ, ಅನಂತರ ಪಂಪು ಹಚ್ಚಬೇಕು. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದನ್ನು ಚೀಲದಲ್ಲಿ ಸದಾ ಇಟ್ಟುಕೊಳ್ಳಿ.

ಕಡಲಂಚಿನಲ್ಲಿ ಇರುವವರಿಗೆ ಉಪ್ಪಿನ ಕಾಟ ಬೇರೆ. ಸವಾರಿಯಾದ ಮೇಲೆ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಚೈನಿಗೆ ಎಣ್ಣೆ ಹಾಕಿ. ಸೀಟಿನ ಕಂಬವನ್ನು ಆಗಾಗ ಹೊರತೆಗೆದು ಗ್ರೀಸ್ ಸವರದಿದ್ದರೆ ಅದು ಫ್ರೇಮಿನೊಳಗೇ ಕಚ್ಚಿಕೊಂಡುಬಿಡುತ್ತದೆ. ಕಾರ್ಬನ್ ಆಗಿದ್ದರೆ ಗ್ರೀಸಿನ ಬದಲು ಅದಕ್ಕೆಂದೇ ಸಿಗುವ ಪೇಸ್ಟ್ ಬಳಸಿ.

ಕಾಳಿತೀರ (ಕಾರವಾರ):
ತುಂಬು ಕೃತಜ್ಞತೆಗಳು. ಎರಡು ಸೈಕಲ್ಲುಗಳ ಅಳತೆ ಭಾಗಿಸಿ ನೋಡಿದೆ: ಅಂಗಡಿಯಲ್ಲಿ ಓಡಿಸಿದ್ದು 1.41, ಈಗ ಮನಸ್ಸಿಗೆ ಬಂದಿರುವುದು 1.52. ಕೊಂಡ ಕೂಡಲೇ ಅಂಕೋಲಾಕ್ಕೆ ಹೊರಡಬಹುದೇ?

ಅಘನಾಶಿನಿ (ಕುಮಟಾ):
ಬೇಡ. ಮೊದಲ ಕೆಲವು ವಾರ ವಾಹನ ಕಡಿಮೆಯಿರುವ ಬೆಳಗಿನ ಹೊತ್ತು ಊರ ಸುತ್ತಲೇ ಮುಕ್ಕಾಲು ಗಂಟೆಯಷ್ಟು ಓಡಿಸಿ, ಬ್ರೇಕಿನ ಮೇಲಿನ ಹುಡ್ ಎಂಬ ರಬ್ಬರ್ ಹಿಡಿಕೆಗಳನ್ನೇ ಹಿಡಿದು, ಹಗುರ ಗೇರಿನಲ್ಲಿ ನಿಮಿಷಕ್ಕೆ 80ರ ಸುಮಾರಿಗೆ ಕಾಲು ತಿರುಗಿಸುವುದನ್ನು ರೂಢಿಸಿಕೊಳ್ಳಿ. ಹ್ಯಾಂಡಲ್ಲಿನ ಕೆಳಗಿನ ಬಾಗನ್ನು ಹಿಡಿದು ಬ್ರೇಕ್ ಒತ್ತುವುದನ್ನು ಸಮತಟ್ಟು ರಸ್ತೆಯಲ್ಲೇ ಕಲಿಯಿರಿ. ಸೀಟು ಕೂತ ಎತ್ತರಕ್ಕೆ ಕಂಬದ ಸುತ್ತ ಟೇಪಿನ ಗುರುತು ಹಾಕಿಡಿ. ಗ್ರೀಸಿಗೆಂದು ಹೊರತೆಗೆದಾಗ ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ.