‘ಕಲ್ಪಿಸಿಕೊಳ್ಳು’, ‘ಕಲ್ಪಿಸು’: ಶಾಲಾ ನಾಯಕತ್ವದ ಸಂದರ್ಭದಲ್ಲಿ ‘ಕಲ್ಪನೆ’ ಸಲ್ಲುತ್ತದೆಯೆ?

ಮಾನ್ಯರೆ,

ಮುಖ್ಯೋಪಾಧ್ಯಾಯರ ತರಬೇತಿಗೆಂದು ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಶಾಲಾ ನಾಯಕತ್ವದಲ್ಲಿ ಕಲ್ಪನೆಯ ಪಾತ್ರ’ ಎಂಬ ಅಧ್ಯಾಯವಿದೆ. ‘ಕಲ್ಪನೆ’ ಎಂದೊಡನೆ ಓದುಗರು ವಾಸ್ತವಕ್ಕೆ ದೂರವಾದದ್ದೆಂದು ತಿಳಿದಾರು, ಆದ್ದರಿಂದ ‘ದೂರದೃಷ್ಟಿ’ ಎಂದು ಬದಲಿಸಬೇಕೆಂದು ಸಹಸಂಪಾದಕರು ಸೂಚಿಸಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

‘ಕಾಲ್ಪನಿಕ’, ‘ಕಪೋಲಕಲ್ಪಿತ’ ಎಂಬ ರೂಪಗಳಿಂದಾಗಿ ಈ ಪದಕ್ಕೆ ಸುಳ್ಳಿನ ನೆರಳು ಅಂಟಿರುವುದು ನಿಜ. ಆದರೆ ಇದರ ಮೂಲವಾದ ಸಂಸ್ಕೃತ ಧಾತುವಿಗೆ ಧಾತುಪಾಠ (ಸಂಸ್ಕೃತ ಧಾತುಗಳನ್ನು ಅರ್ಥಸಹಿತ ಕೊಡುವ ಪಟ್ಟಿ) ಹೇಳುವ ಅರ್ಥವೇ ಸಾಮರ್ಥ್ಯ (‘ಕೃಪೂ ಸಾಮರ್ಥ್ಯೇ’). ಅಣಿಗೊಳಿಸುವುದು, ರಚಿಸುವುದು ಎಂಬ ಅರ್ಥಗಳೂ ಅದರಿಂದ ಹುಟ್ಟಿದ ಪದಗಳಲ್ಲಿವೆ. ಕನ್ನಡವು ಇವನ್ನು ಕ್ರಿಯಾಪದದಲ್ಲಿ ಇಂದಿಗೂ ಉಳಿಸಿಕೊಂಡಿದೆ: ‘ಅವಕಾಶ ಕಲ್ಪಿಸು’, ‘ಸೌಲಭ್ಯ ಕಲ್ಪಿಸು’ ಎನ್ನುವಾಗ ಯಾರೂ ಸುಳ್ಳನ್ನು ನೆನೆಯುವುದಿಲ್ಲ. ಇದಕ್ಕೇ ‘ಕೊಳ್ಳು’ ಸೇರಿದರೆ ಕ್ರಿಯೆ ಒಳಮುಖವಾಗಿ, ಕಣ್ಣೆದುರು ಇಲ್ಲದ್ದನ್ನು ಮನಸ್ಸಿನಲ್ಲಿ ಕಾಣುವುದು ಎಂದಾಗುತ್ತದೆ. ಒಂದೇ ಪದ ಹೀಗೆ ಕಾಣುವುದನ್ನೂ, ಇತರರಿಗಾಗಿ ಆಗುಮಾಡಿಕೊಡುವುದನ್ನೂ ಹೇಳುತ್ತದೆ. ಶಾಲೆಯ ಮುಂದಾಳುವಿಗೆ ಬೇಕಾದದ್ದು ಈ ಎರಡೂ.

ಒಂದು ಸಂದರ್ಭವನ್ನು ನೋಡೋಣ. ತರಗತಿ ಬಿಟ್ಟ ಮೇಲೆ ಮುಖ್ಯೋಪಾಧ್ಯಾಯರೊಬ್ಬರು ಕೊನೆಯ ಬೆಂಚಿನ ಗೋಡೆಬದಿಯಲ್ಲಿ, ಮಗುವಿನ ಎತ್ತರಕ್ಕೆ ತಲೆ ತಗ್ಗಿಸಿ ಕೂರುತ್ತಾರೆ. ಕಿಟಕಿಯ ಬೆಳಕು ಬಿದ್ದು ಕರಿಹಲಗೆಯ ಎಡಭಾಗ ಹೊಳೆಯುತ್ತಿದೆ, ಅಲ್ಲಿ ಬರೆದದ್ದು ಕಾಣುತ್ತಿಲ್ಲ. ಅಲ್ಲಿ ಕೂರುವ ಮಗು ಪ್ರತಿ ಸಾಲಿನ ಮೊದಲ ಪದಗಳನ್ನು ಬಿಟ್ಟು ಬರೆದುಕೊಳ್ಳುತ್ತಿದ್ದುದು ಅಲಕ್ಷ್ಯದಿಂದಲ್ಲ ಎಂಬುದು ಅವರಿಗೆ ಆಗ ಹೊಳೆಯುತ್ತದೆ. ಆ ಮಗುವಿನ ಇಡೀ ದಿನವನ್ನು ಅವರು ಕಲ್ಪಿಸಿಕೊಂಡರು. ಹಲಗೆಯನ್ನು ಪಕ್ಕದ ಗೋಡೆಗೆ ಹಾಕಿಸಿ, ಓದಲು ಅನುಕೂಲ ಕಲ್ಪಿಸಿದರು. ಇದನ್ನು ‘ದೂರದೃಷ್ಟಿ’ ಎನ್ನಲಾದೀತೆ? ಆ ಪದದ ನೋಟ ಮುಂದಿನ ವರ್ಷಗಳ ಮೇಲಿರುತ್ತದೆ, ಇಲ್ಲಿನದು ಕೆಲವೇ ಅಡಿಗಳ ಅಂತರದ ಸಂಗತಿ.

‘ಊಹೆ’ ಎಂದರೆ ಅಂದಾಜಾಯಿತು, ‘ಸೃಜನಶೀಲತೆ’ ತೀರಾ ವ್ಯಾಪಕವಾಯಿತು. ‘ಪ್ರತಿಭೆ’ಯನ್ನು ಮಾತ್ರ ಸುಲಭವಾಗಿ ಕೈಬಿಡಲಾಗುತ್ತಿಲ್ಲ. ಸಂಸ್ಕೃತದ ಕಾವ್ಯಮೀಮಾಂಸಕ ರಾಜಶೇಖರನು ಅದನ್ನು ರಚಿಸುವವನ ಕಾರಯಿತ್ರೀ, ಗ್ರಹಿಸುವವನ ಭಾವಯಿತ್ರೀ ಎಂದು ವಿಂಗಡಿಸುತ್ತಾನೆ. ಸಹೋದ್ಯೋಗಿಯೊಬ್ಬರು ಅರ್ಧಕ್ಕೇ ನಿಲ್ಲಿಸಿದ ಸಲಹೆಯೊಳಗಿನ ತಿರುಳನ್ನು ಗುರುತಿಸುವ ಮುಖ್ಯೋಪಾಧ್ಯಾಯರಲ್ಲಿರುವುದು ಈ ಎರಡನೆಯದೇ ಎಂದು ನನಗನ್ನಿಸುತ್ತದೆ. ಆದರೆ ಇಂದಿನ ಬಳಕೆಯಲ್ಲಿ ‘ಪ್ರತಿಭೆ’ ಎಂದರೆ ಹುಟ್ಟಿನಿಂದ ಬಂದ ಜಾಣ್ಮೆ ಎಂಬ ಅರ್ಥವೇ ಮುಂದಾಗಿದೆ. ಅಭ್ಯಾಸದಿಂದ ಬೆಳೆಸಿಕೊಳ್ಳಬೇಕಾದ ಗುಣಕ್ಕೆ ಆ ಹೆಸರಿಟ್ಟರೆ ತರಬೇತಿಗೆ ಬಂದವರು ಹಿಂಜರಿದಾರು.

ಆದ್ದರಿಂದ ನನ್ನ ಪ್ರಶ್ನೆ ಇಷ್ಟು: ಕ್ರಿಯಾಪದದಲ್ಲಿರುವ ಈ ಎರಡು ಅರ್ಥಗಳನ್ನೂ ‘ಕಲ್ಪನೆ’ ಎಂಬ ನಾಮಪದ ಹೊರಬಲ್ಲದೆ, ಅಥವಾ ವಿಮರ್ಶೆಯಲ್ಲಿ ಅಲ್ಲಲ್ಲಿ ಕಾಣುವ ‘ಕಲ್ಪಕತೆ’ಯನ್ನು ಬಳಸುವುದು ಮೇಲೆ? ಆಡಳಿತದ ಬರಹಗಳಲ್ಲಿ ‘ಕಲ್ಪಕತೆ’ಯ ಪ್ರಯೋಗವನ್ನು ಕಂಡವರು ಪೂರ್ಣ ವಾಕ್ಯದೊಡನೆ ತಿಳಿಸಿದರೆ ಉಪಕಾರವಾಗುತ್ತದೆ.